ಗಣಿ ಮುಚ್ಚಿದ ಊರಿನಲ್ಲಿ ಬೆಂಕಿ ಕಾಯುವವರು ಯಾರು? ಕುದುರೆಮುಖದ ಹುಲ್ಲು ಒಣಗುವ ಮೊದಲು ಕೇಳುತ್ತಿದ್ದೇನೆ

ಕಪ್ಪುಮರಳು

ಎಲ್ಲರಿಗೂ ನಮಸ್ಕಾರ. ನಾನು ಹುಟ್ಟಿ ಬೆಳೆದದ್ದು ಕುದುರೆಮುಖ ಟೌನ್‌ಶಿಪ್‌ನ ಕ್ವಾರ್ಟರ್ಸ್‌ನಲ್ಲಿ. ಅಪ್ಪ ಕಬ್ಬಿಣದ ಅದಿರು ಅರೆಯುವ ಗಿರಣಿಯಲ್ಲಿದ್ದರು. 2005ರ ಡಿಸೆಂಬರ್ 31ರಂದು ಗಣಿಗಾರಿಕೆ ನಿಂತಾಗ ನಾನು ಎಂಟನೇ ತರಗತಿ. ಒಂದೊಂದೇ ಮನೆಯ ಸಾಮಾನು ಲಾರಿಗೇರಿತು. ನಾವು ಮಾತ್ರ ದೂರ ಹೋಗಲಿಲ್ಲ. ಸಂಸೆ ಕಡೆ ಸ್ವಲ್ಪ ಕಾಫಿ, ಅಡಿಕೆ ಮಾಡಿಕೊಂಡು ಉಳಿದೆವು.

ಕಳೆದ ಮಾರ್ಚ್‌ನಲ್ಲಿ ಟೌನ್‌ಶಿಪ್ ಹಿಂದಿನ ಗುಡ್ಡಕ್ಕೆ ಬೆಂಕಿ ಬಿತ್ತು. ಮಧ್ಯಾಹ್ನ ಮೂರರ ಹೊತ್ತಿಗೆ ಹೊಗೆ ಕಂಡಿತು, ಐದಕ್ಕೆ ಬೆಂಕಿಯ ಸಾಲು ಖಾಲಿ ಕ್ವಾರ್ಟರ್ಸ್‌ಗಳ ಹಿತ್ತಲಿಗೆ ಇಳಿದಿತ್ತು. ಆ ಮನೆಗಳ ಸ್ಥಿತಿ ನೋಡಿದವರಿಗೆ ಗೊತ್ತು: ಕಿಟಕಿಯ ಗಾಜಿಲ್ಲ, ಅಂಗಳದಲ್ಲಿ ಆಳೆತ್ತರದ ಲಂಟಾನ, ಸೂರಿನ ದೋಣಿಯಲ್ಲಿ ಹತ್ತು ವರ್ಷದ ದರಗು, ಅಂದರೆ ಒಣ ಎಲೆಯ ಕಸ. ನಾನು ಒಂದು ಕಚೇರಿಗೆ ಫೋನ್ ಮಾಡಿದೆ. ಅದು ನಮ್ಮ ಜಾಗವಲ್ಲ ಎಂದರು. ಇನ್ನೊಂದಕ್ಕೆ ಮಾಡಿದೆ. ಬೆಂಕಿ ಕಾಡಿನಲ್ಲಿದೆಯೋ ಕಟ್ಟಡದಲ್ಲಿದೆಯೋ ಸರಿಯಾಗಿ ಹೇಳಿ ಎಂದರು. ಅಷ್ಟರಲ್ಲಿ ನಾವು ಹದಿನಾಲ್ಕು ಜನ ಹಸಿ ಸೊಪ್ಪು ಕಡಿದುಕೊಂಡು ಬಡಿಯುತ್ತಿದ್ದೆವು. ರಾತ್ರಿ ಗಾಳಿ ಬಿದ್ದಿದ್ದರಿಂದ ಉಳಿದೆವು, ನಮ್ಮ ಸಾಮರ್ಥ್ಯದಿಂದಲ್ಲ.

ಗಣಿ ಕಂಪನಿ ಇದ್ದ ಕಾಲದಲ್ಲಿ ಸೈರನ್ ಕೂಗಿದರೆ ನೀರಿನ ಗಾಡಿ ಹೊರಡುತ್ತಿದ್ದುದು ನನಗೆ ನೆನಪಿದೆ. ಈಗ ಸುತ್ತ ರಾಷ್ಟ್ರೀಯ ಉದ್ಯಾನ, ನಡುವೆ ಖಾಲಿ ಮನೆಗಳು, ಅಂಚಿನಲ್ಲಿ ನಾವು. ಮಳೆ ನಿಂತು ತಿಂಗಳಾಯಿತು, ಹುಲ್ಲು ಬಣ್ಣ ತಿರುಗುತ್ತಿದೆ. ನನ್ನ ಪ್ರಶ್ನೆ ಎರಡೇ. ಈ ಊರಿಗೆ ಬೆಂಕಿ ಬಿದ್ದರೆ ಮೊದಲ ಒಂದು ಗಂಟೆ ನಾವೇನು ಮಾಡಬೇಕು? ಅದಕ್ಕೆ ಈಗಿನಿಂದ ಫೆಬ್ರವರಿಯೊಳಗೆ ಏನು ತಯಾರಿ ಮಾಡಿಕೊಳ್ಳಬೇಕು? ತಿಳಿದವರು ದಯವಿಟ್ಟು ಬರೆಯಿರಿ.

ಸಂಸೆತೋಟ

ಆ ದಿನ ನಾನೂ ಇದ್ದೆ. ಹದಿನಾಲ್ಕು ಜನರಲ್ಲಿ ಐವರು ಅರವತ್ತು ದಾಟಿದವರು ಎಂಬುದನ್ನೂ ಬರೆಯಬೇಕಿತ್ತು. ಹುಡುಗರೆಲ್ಲ ಬೆಂಗಳೂರಿನಲ್ಲಿದ್ದಾರೆ.

ಭದ್ರಾತೀರ

ನಿಮ್ಮ ಕಷ್ಟ ಅರ್ಥವಾಗುತ್ತದೆ. ಆದರೆ ಕಂಪನಿ ಇದ್ದಾಗ ಎಲ್ಲ ಚೆನ್ನಾಗಿತ್ತು ಎಂಬ ಧಾಟಿಯನ್ನು ನಾನು ಒಪ್ಪುವುದಿಲ್ಲ. ನಾನು ಭದ್ರೆಯ ಕೆಳದಂಡೆಯವನು. ಮಳೆಗಾಲದಲ್ಲಿ ಹೊಳೆ ಇಟ್ಟಿಗೆ ಬಣ್ಣದಲ್ಲಿ ಬರುತ್ತಿತ್ತು, ಗದ್ದೆಯ ಮೇಲೆ ಹೂಳು ಕೂರುತ್ತಿತ್ತು. ಗಣಿ ಗುತ್ತಿಗೆಯೇ 4,600 ಹೆಕ್ಟೇರ್‌ಗೂ ಹೆಚ್ಚು, ಅದೂ ವರ್ಷಕ್ಕೆ ಏಳು ಸಾವಿರ ಮಿಲಿಮೀಟರ್ ಮಳೆ ಸುರಿಯುವ ಬೆಟ್ಟದಲ್ಲಿ. ಗಣಿ ನಿಲ್ಲಲಿ ಎಂದು ವನ್ಯಜೀವಿ ಸಂರಕ್ಷಕ ಕೆ.ಎಂ. ಚಿಣ್ಣಪ್ಪ ಸುಪ್ರೀಂ ಕೋರ್ಟ್‌ಗೆ ಹೋದದ್ದು, 2002ರ ಅಕ್ಟೋಬರ್ 30ರ ಆದೇಶ ಬಂದದ್ದು ಸುಮ್ಮನೆ ಅಲ್ಲ. ಗಣಿ ಮುಚ್ಚಿದ್ದರಿಂದ ಬೆಂಕಿ ಬಂತು ಎಂದು ದಯವಿಟ್ಟು ಯಾರೂ ಹೇಳಬೇಡಿ.

ಕಪ್ಪುಮರಳು

ಭದ್ರಾತೀರ ಅವರೇ, ನಾನು ಹಾಗೆ ಹೇಳಿಲ್ಲ. ಗಣಿ ಮುಚ್ಚಿದ್ದು ಸರಿ ಎಂದು ಅಪ್ಪನೇ ಕೊನೆಗೆ ಒಪ್ಪಿಕೊಂಡಿದ್ದರು. ಬಾಗಿಲು ಹಾಕಿಕೊಂಡು ಹೋಗುವಾಗ ಒಲೆ ಆರಿಸಿದ್ದೇವೆಯೇ ಎಂದು ಯಾರೂ ನೋಡಲಿಲ್ಲ, ನನ್ನ ದೂರು ಅಷ್ಟೇ.

ಹುಲ್ಲುಬೆಟ್ಟ

ನಾನು ಪರಿಸರ ವಿಜ್ಞಾನ ಓದಿದವಳು, ಈ ಬೆಟ್ಟಗಳಲ್ಲಿ ಮೂರು ಬೇಸಿಗೆ ಓಡಾಡಿದ್ದೇನೆ.

ಇಲ್ಲಿ ಇಷ್ಟು ಮಳೆ ಬರುತ್ತದೆ, ಬೆಂಕಿ ಹೇಗೆ ಬೀಳುತ್ತದೆ ಎಂದು ಬಯಲುಸೀಮೆಯವರು ಕೇಳುತ್ತಾರೆ. ಮಳೆ ಹೆಚ್ಚಿರುವುದರಿಂದಲೇ ಬೀಳುತ್ತದೆ. ಜೂನ್‌ನಿಂದ ಅಕ್ಟೋಬರ್ ತನಕ ಹುಲ್ಲು ಸೊಂಟದೆತ್ತರ ಬೆಳೆಯುತ್ತದೆ. ಡಿಸೆಂಬರ್ ದಾಟಿದ ಮೇಲೆ ಅದು ಅಷ್ಟೂ ಕರಡ, ಅಂದರೆ ಒಣಗಿ ನಿಂತ ಹುಲ್ಲು. ಮಳೆ ಜಾಸ್ತಿಯಾದ ವರ್ಷದ ಮರುಬೇಸಿಗೆಯಲ್ಲಿ ಸುಡಲು ಸರಕೂ ಜಾಸ್ತಿ. ಕಣಿವೆಗಳ ಶೋಲಾ ಕಾಡು ಒಳಗೆ ತೇವವಾಗಿರುವುದರಿಂದ ಬೆಂಕಿ ಅದರ ಅಂಚಿಗೆ ಬಂದು ನಿಲ್ಲುತ್ತದೆ. ಆದರೆ ಪ್ರತಿ ವರ್ಷ ಬೆಂಕಿ ಬಂದರೆ ಅಂಚಿನ ಎಳೆಯ ಗಿಡಗಳು ಸತ್ತು ಕಾಡು ಒಂದೊಂದೇ ಮಾರು ಹಿಂದೆ ಸರಿಯುತ್ತದೆ. ಸಿಂಗಳೀಕಗಳು ಮರದಿಂದ ಮರಕ್ಕೆ ದಾಟಿ ಬದುಕುವ ಪ್ರಾಣಿಗಳು. ಅವುಗಳಿಗೆ ಕಾಡು ತುಂಡಾಗುವುದೆಂದರೆ ಮನೆ ತುಂಡಾದ ಹಾಗೆ.

ಇದರ ಮೇಲೆ ಮನುಷ್ಯರು ತಂದಿಟ್ಟ ಸರಕು ಬೇರೆ. ಮಣ್ಣು ಹಿಡಿಯಲಿ ಎಂದು ಇಳಿಜಾರುಗಳಲ್ಲಿ ನೆಟ್ಟ ಅಕೇಶಿಯಾ ನೋಡಿ. ಅದರ ಎಲೆ ಬೇಗ ಕೊಳೆಯುವುದಿಲ್ಲ, ಒಣಗಿ ಪದರ ಪದರವಾಗಿ ಕೂರುತ್ತದೆ. ಹುಲ್ಲಿನ ಬೆಂಕಿ ಅಲ್ಲಿಗೆ ಬಂದರೆ ಓಡಿಹೋಗುವುದಿಲ್ಲ, ಕೂತು ಉರಿಯುತ್ತದೆ. ಟೌನ್‌ಶಿಪ್ ಸುತ್ತ ಮೊದಲು ನೋಡಬೇಕಾದದ್ದು ಆ ದರಗನ್ನು.

ಮುಳ್ಳೋಡಿಹಾದಿ

ತಂಗಿ, ನೀವು ಓದಿದ್ದನ್ನು ಗೌರವಿಸುತ್ತೇನೆ. ನನ್ನ ಅಜ್ಜನ ಕಾಲದಿಂದ ನಾವು ಈ ಗುಡ್ಡದಲ್ಲಿ ದನ ಕಟ್ಟಿದವರು. ನಮ್ಮಲ್ಲಿ ಸಂಕ್ರಾಂತಿಗೆ ಮೊದಲೇ ಹುಲ್ಲು ಸುಡುತ್ತಿದ್ದರು. ಬೆಳಗಿನ ಜಾವ ಇಬ್ಬನಿ ಇರುವಾಗ, ಗಾಳಿ ಇಲ್ಲದಾಗ, ಒಂದೊಂದು ತುಂಡು. ಹಸಿಯೂ ಒಣಗಿದ್ದೂ ಕಲೆತಿರುವ ಹೊತ್ತಿನಲ್ಲಿ ಬೆಂಕಿ ಮೊಣಕಾಲಿನ ಮೇಲೆ ಏಳುವುದಿಲ್ಲ. ಈ ವರ್ಷ ಈ ತುಂಡು, ಮುಂದಿನ ವರ್ಷ ಆ ತುಂಡು. ಮಾರ್ಚ್‌ನಲ್ಲಿ ಎಲ್ಲಿಂದಲೋ ಬೆಂಕಿ ಬಂದರೆ ಕರಿ ತುಂಡಿಗೆ ತಾಗಿ ಅಲ್ಲೇ ಸಾಯುತ್ತಿತ್ತು.

1987ರಲ್ಲಿ ರಾಷ್ಟ್ರೀಯ ಉದ್ಯಾನವೆಂದು ಘೋಷಣೆಯಾದ ಮೇಲೆ ಒಂದೊಂದೇ ನಿಂತಿತು. ಕಡ್ಡಿ ಗೀರಿದರೆ ಕೇಸು. ಸರಿ, ಕಾನೂನು ಇರಲಿ. ಆದರೆ ಮೂವತ್ತು ವರ್ಷ ಹುಲ್ಲಿಗೆ ಕತ್ತಿಯೂ ಇಲ್ಲ, ದನದ ಬಾಯಿಯೂ ಇಲ್ಲ ಎಂದ ಮೇಲೆ ಏನಾಗಬೇಕು? ಒಂದು ಸಲ ಹತ್ತಿತೆಂದರೆ ಗುಡ್ಡಕ್ಕೆ ಗುಡ್ಡವೇ ಹೋಗುತ್ತದೆ. ಬೆಂಕಿ ಬಿದ್ದಾಗಲೆಲ್ಲ ನಮ್ಮವರ ಮೇಲೆ ಬೆರಳು. ನಮ್ಮ ಮನೆ ಇರುವುದೇ ಆ ಗುಡ್ಡದ ಬುಡದಲ್ಲಿ, ನಾವೇಕೆ ಹಚ್ಚಿಕೊಳ್ಳುತ್ತೇವೆ?

ಹುಲ್ಲುಬೆಟ್ಟ

ಅಣ್ಣ, ತುಂಡು ತುಂಡಾಗಿ ಬೇಗ ಸುಡುವುದರ ಲೆಕ್ಕಾಚಾರ ಸರಿಯಾದದ್ದೇ. ಅರಣ್ಯ ಇಲಾಖೆ ಬೆಂಕಿ ರೇಖೆ (ಬೆಂಕಿ ದಾಟದಂತೆ ಹುಲ್ಲು, ಗಿಡ ತೆಗೆದ ಪಟ್ಟಿ) ಮಾಡುವುದೂ ಅದೇ ತತ್ವದಿಂದ. ಆದರೆ ಹಿಂದೆ ಎಲ್ಲರೂ ಹೀಗೇ ಎಚ್ಚರದಿಂದ ಸುಡುತ್ತಿದ್ದರು ಎಂದು ನನಗೆ ಅನ್ನಿಸುವುದಿಲ್ಲ. ಚಿಗುರು ಬರಲಿ ಎಂದು ಮಾರ್ಚ್‌ನಲ್ಲಿ ಹಚ್ಚಿದವರೂ ಇದ್ದರು, ಬೇಟೆಗೆ ಹಚ್ಚಿದವರೂ ಇದ್ದರು. ಆ ಹೊತ್ತಿನಲ್ಲಿ ನೆಲದಲ್ಲಿ ಗೂಡು ಕಟ್ಟುವ ಹಕ್ಕಿಗಳ ಗತಿ ಏನು? ಹುಲ್ಲುಗಾವಲು ಬೆಂಕಿಯಿಂದಲೇ ಹುಟ್ಟಿದ್ದು ಎಂಬ ಮಾತೂ ಪೂರ್ತಿ ನಿಜವಲ್ಲ. ನೀಲಗಿರಿಯ ಜೌಗು ಮಣ್ಣಿನ ಪದರಗಳನ್ನು ನೋಡಿದವರು ಅಲ್ಲಿ ಇಪ್ಪತ್ತು ಸಾವಿರ ವರ್ಷಗಳ ಹಿಂದೆಯೂ ಹುಲ್ಲುಗಾವಲು ಇತ್ತೆಂದು ತೋರಿಸಿದ್ದಾರೆ.

ಮುಳ್ಳೋಡಿಹಾದಿ

ಬೇಟೆಗೆ ಹಚ್ಚಿದವರು ಇದ್ದರು, ಅದನ್ನು ಒಪ್ಪುತ್ತೇನೆ. ಎಲ್ಲರನ್ನೂ ಒಂದೇ ಗಂಟಿಗೆ ಕಟ್ಟಬೇಡಿ ಎಂದಷ್ಟೇ ನನ್ನ ಕೋರಿಕೆ.

ಘಟ್ಟದಗಾಳಿ

ಇಬ್ಬರೂ ಸರಿ. ಆದರೆ ಪ್ರಶ್ನೆ ಕೇಳಿದವರಿಗೆ ಮೊದಲ ಒಂದು ಗಂಟೆಗೆ ಉತ್ತರ ಬೇಕು, ಇಪ್ಪತ್ತು ಸಾವಿರ ವರ್ಷಕ್ಕಲ್ಲ.

ದೂರದಕಳಸ

ನಾನು ಕಳಸದವನು, ಹನ್ನೆರಡು ವರ್ಷಗಳಿಂದ ಕ್ಯಾಲಿಫೋರ್ನಿಯಾದಲ್ಲಿದ್ದೇನೆ. ಗಣಿ, ಬೆಟ್ಟ, ಬೆಂಕಿ ಎಂಬ ಮೂರು ಮಾತು ಒಟ್ಟಿಗೆ ಕಂಡ ಕೂಡಲೇ ನನಗೆ ಪ್ಯಾರಡೈಸ್ ಊರು ನೆನಪಾಗುತ್ತದೆ. ಅದೂ ಚಿನ್ನದ ಗಣಿಯ ಸೀಮೆಯೇ. ಪಕ್ಕದ ಮಗೇಲಿಯಾದಲ್ಲಿ 1859ರಲ್ಲಿ 54 ಪೌಂಡ್ ತೂಕದ ಚಿನ್ನದ ಗಟ್ಟಿ ಸಿಕ್ಕಿತ್ತು. ಚಿನ್ನ ಮುಗಿದ ಮೇಲೂ ಪೈನ್ ಮರಗಳ ನಡುವೆ ಜನ ಉಳಿದರು, ಬಹಳಷ್ಟು ಮಂದಿ ನಿವೃತ್ತರು.

2018ರ ನವೆಂಬರ್ 8ರ ಬೆಳಿಗ್ಗೆ ಹಳೆಯ ವಿದ್ಯುತ್ ಮಾರ್ಗವೊಂದರ ಸವೆದ ಕೊಕ್ಕೆ ಮುರಿದು ತಂತಿಯಿಂದ ಕಿಡಿ ಬಿತ್ತು. ಕೆಲವೇ ಗಂಟೆಗಳಲ್ಲಿ ಊರು ಹೋಯಿತು. 85 ಜನ ಸತ್ತರು, ಹದಿನೆಂಟು ಸಾವಿರಕ್ಕೂ ಹೆಚ್ಚು ಕಟ್ಟಡಗಳು ಸುಟ್ಟವು. ನಾನು ಆಮೇಲೆ ಅಲ್ಲಿಗೆ ಹೋಗಿದ್ದೆ. ಮನೆ ಇದ್ದ ಜಾಗದಲ್ಲಿ ಹೊಗೆಗೂಡು ಮಾತ್ರ ನಿಂತಿತ್ತು, ಅದರ ಪಕ್ಕದ ಮರ ಹಸಿರಾಗಿಯೇ ಇತ್ತು. ನನ್ನನ್ನು ಕಾಡಿದ್ದು ಆ ಹಸಿರು ಮರ. ಕಾಡಿನಿಂದ ದೊಡ್ಡ ಜ್ವಾಲೆ ನಡೆದುಬಂದು ಮನೆಯನ್ನು ನುಂಗುತ್ತದೆ ಎಂದು ನಾವು ಎಣಿಸುತ್ತೇವೆ. ಹಾಗಲ್ಲ. ಗಾಳಿಯಲ್ಲಿ ಕೆಂಡ ಹಾರಿ ಬರುತ್ತದೆ, ಸೂರಿನ ಸಂದಿಯಲ್ಲಿ, ದೋಣಿಯ ದರಗಿನಲ್ಲಿ, ಒಡೆದ ಕಿಟಕಿಯಲ್ಲಿ ಕೂರುತ್ತದೆ. ಮನೆ ಒಳಗಿನಿಂದ ಉರಿಯುತ್ತದೆ, ಆಮೇಲೆ ಒಂದು ಮನೆ ಇನ್ನೊಂದನ್ನು ಸುಡುತ್ತದೆ.

ಖಾಲಿ ಕ್ವಾರ್ಟರ್ಸ್ ಸಾಲಿನ ಬಗ್ಗೆ ಕಪ್ಪುಮರಳು ಬರೆದದ್ದನ್ನು ಓದಿ ನನಗೆ ರಾತ್ರಿ ನಿದ್ದೆ ಬರಲಿಲ್ಲ.

ಭದ್ರಾತೀರ

ಕ್ಯಾಲಿಫೋರ್ನಿಯಾದ ಮನೆಗಳು ಮರದವು. ಅಲ್ಲಿ ಮರದ ತುದಿಯಿಂದ ತುದಿಗೆ ಹಾರುವ ಬೆಂಕಿ, ನಮ್ಮದು ನೆಲದ ಮೇಲೆ ಓಡುವ ಹುಲ್ಲಿನ ಬೆಂಕಿ. ಕ್ವಾರ್ಟರ್ಸ್‌ಗಳು ಸಿಮೆಂಟಿನವು. ಅಲ್ಲಿನ ಕಥೆ ಹೇಳಿ ಇಲ್ಲಿಯ ಮುದುಕರನ್ನು ಹೆದರಿಸುವುದು ಸರಿಯಲ್ಲ.

ದೂರದಕಳಸ

ಹೆದರಿಸುವ ಉದ್ದೇಶ ನನಗಿಲ್ಲ, ನನ್ನ ಅಮ್ಮ ಇಂದಿಗೂ ಕಳಸದಲ್ಲೇ ಇದ್ದಾರೆ. ಗೋಡೆ ಸಿಮೆಂಟಿನದು, ಒಪ್ಪಿದೆ. ಬಾಗಿಲು, ಕಿಟಕಿಯ ಚೌಕಟ್ಟು, ಒಳಗೆ ಬಿಟ್ಟುಹೋದ ಹಾಸಿಗೆ, ಅಟ್ಟದ ಸೌದೆ? ಹೋಲಿಕೆ ಮನೆಯದ್ದಲ್ಲ, ಅಭ್ಯಾಸದ್ದು. ಅಲ್ಲಿ ಈಗ ಮನೆಯ ಗೋಡೆಯಿಂದ ಐದು ಅಡಿಯೊಳಗೆ ಸುಡುವಂಥದ್ದು ಏನೂ ಇರಬಾರದು ಎನ್ನುತ್ತಾರೆ, ನೂರು ಅಡಿಯವರೆಗೆ ಗಿಡಗಂಟಿ ತೆಳುವಾಗಿರಬೇಕು. ಇದಕ್ಕೆ ಹಣ ಬೇಡ. ಕತ್ತಿ, ಕುಂಟೆ, ಎರಡು ಭಾನುವಾರ ಸಾಕು.

ಇನ್ನೊಂದು, ದಾರಿ. ಪ್ಯಾರಡೈಸ್‌ನಲ್ಲಿ ಎಲ್ಲರೂ ಒಟ್ಟಿಗೆ ಕಾರು ಹತ್ತಿದ್ದರಿಂದ ರಸ್ತೆ ಕಟ್ಟಿಕೊಂಡಿತು. ನಮ್ಮಲ್ಲಿ ಕಳಸದ ಕಡೆಗೆ ಒಂದು, ಎಸ್.ಕೆ. ಬಾರ್ಡರ್ (ಹಳೆಯ ದಕ್ಷಿಣ ಕನ್ನಡದ ಗಡಿ) ಕಡೆಗೆ ಒಂದು, ಅಷ್ಟೇ ತಾನೇ? ಎರಡೂ ಕಾಡಿನ ನಡುವಿನ ರಸ್ತೆಗಳೇ.

ಬೆಟ್ಟದಚಾರಣಿಗ

ನಾನು ಈ ಬೆಟ್ಟವನ್ನು ನಾಲ್ಕು ಸಲ ಹತ್ತಿದ್ದೇನೆ. ಬೇಸಿಗೆಯಲ್ಲಿ ಬೆಂಕಿಯ ಕಾರಣ ಕೊಟ್ಟು ಚಾರಣ ನಿಲ್ಲಿಸುತ್ತಾರೆ. ಈಗಾಗಲೇ ದಿನಕ್ಕೆ ಇಂತಿಷ್ಟೇ ಜನ, ಆನ್‌ಲೈನ್ ನೋಂದಣಿ, ಜೊತೆಗೆ ಮಾರ್ಗದರ್ಶಕರು. ಇಷ್ಟಿದ್ದೂ ಚಾರಣಿಗರ ಮೇಲೆಯೇ ಗೂಬೆ ಕೂರಿಸುವುದು ಯಾಕೆ? ನಾವು ಹೋದರೆ ಹೊಗೆ ಕಂಡವರು ಹೇಳಲಿಕ್ಕಾದರೂ ಇರುತ್ತಾರೆ.

ಸಂಸೆತೋಟ

ನೀವು ಎಚ್ಚರದವರಿರಬಹುದು. ಎರಡು ವರ್ಷದ ಹಿಂದೆ ನನ್ನ ತೋಟದ ಮೇಲಿನ ಬಂಡೆಯ ಬಳಿ ಮೂರು ಕಲ್ಲಿಟ್ಟು ನೂಡಲ್ಸ್ ಬೇಯಿಸಿದ್ದ ಗುರುತು ಸಿಕ್ಕಿತು. ಬೂದಿ ಇನ್ನೂ ಬೆಚ್ಚಗಿತ್ತು. ಅಲ್ಲಿಂದ ಹತ್ತು ಹೆಜ್ಜೆಗೆ ಎದೆಯೆತ್ತರದ ಕರಡ. ಒಬ್ಬನ ಅಜಾಗ್ರತೆಗೆ ನೂರು ಜನರನ್ನು ತಡೆಯುವುದು ನಿಮಗೆ ಅನ್ಯಾಯ ಅನ್ನಿಸಬಹುದು. ನನಗೆ ಅನ್ನಿಸುವುದಿಲ್ಲ.

ಬೆಟ್ಟದಚಾರಣಿಗ

ಅಂಥವರಿಗೆ ದಂಡ ಹಾಕಲಿ, ನಾನೇ ಸಾಕ್ಷಿ ಹೇಳುತ್ತೇನೆ. ನಿಮ್ಮ ಕೆಲಸಕ್ಕೆ ಕೈ ಬೇಕಾದರೆ ಮಂಗಳೂರಿನಿಂದ ಆರು ಜನ ಬರುತ್ತೇವೆ. ಮಾತಿಗೆ ಹೇಳುತ್ತಿಲ್ಲ.

ನಕ್ಷೆಗಾರ

ಹೊಗೆ ಕಂಡು ಹೇಳುವ ವಿಷಯ ಬಂದಿತಲ್ಲ, ಅದಕ್ಕೆ ಸ್ವಲ್ಪ ಸೇರಿಸುತ್ತೇನೆ. ಡೆಹ್ರಾಡೂನ್‌ನ ಭಾರತೀಯ ಅರಣ್ಯ ಸರ್ವೇಕ್ಷಣೆ ಉಪಗ್ರಹದಿಂದ ಬೆಂಕಿಯ ಎಚ್ಚರಿಕೆ ಕಳುಹಿಸುತ್ತದೆ. ಸಾರ್ವಜನಿಕರೂ ಹೆಸರು ನೋಂದಾಯಿಸಿಕೊಂಡರೆ ಮೊಬೈಲ್‌ಗೆ ಬರುತ್ತದೆ. ನೋಂದಾಯಿಸಿಕೊಳ್ಳಿ, ಆದರೆ ಅದನ್ನೇ ನಂಬಿ ಕೂರಬೇಡಿ. ವಿಯರ್ಸ್ ಎಂಬ ಸಂವೇದಕ ನೋಡುವ ಒಂದು ಚುಕ್ಕಿ ನೆಲದ ಮೇಲೆ 375 ಮೀಟರ್, ಮೋಡಿಸ್‌ನದು ಒಂದು ಕಿಲೋಮೀಟರ್. ಇವು ನಮ್ಮ ತಲೆಯ ಮೇಲೆ ಹಾಯುವುದು ದಿನಕ್ಕೆ ಕೆಲವೇ ಸಲ. ವಿಯರ್ಸ್ ಹಾಯುವುದು ಮಧ್ಯಾಹ್ನ ಒಂದೂವರೆ, ರಾತ್ರಿ ಒಂದೂವರೆಯ ಆಸುಪಾಸು. ನಿಮ್ಮ ಬೆಂಕಿ ಕಂಡದ್ದು ಮೂರು ಗಂಟೆಗೆ ಅಂದಿರಿ. ಹಗಲಿನ ಉಪಗ್ರಹ ಹೋಗಿಯಾಗಿತ್ತು. ರಾತ್ರಿಯ ಉಪಗ್ರಹ ಬಂದು, ಮಾಹಿತಿ ಸಂಸ್ಕರಣೆಯಾಗಿ, ಸಂದೇಶ ಬರುವಷ್ಟರಲ್ಲಿ ನೀವು ಬೆಂಕಿ ಆರಿಸಿ ಮಲಗಿದ್ದಿರಿ.

ಎತ್ತರದ ಜಾಗದಲ್ಲಿ ಮಧ್ಯಾಹ್ನ ಹನ್ನೆರಡರಿಂದ ಆರರ ತನಕ ಒಬ್ಬರು ಕಣ್ಣಿಟ್ಟು ಕೂರುವುದಕ್ಕೆ ಸಮನಾದ ಯಂತ್ರ ಇನ್ನೂ ಬಂದಿಲ್ಲ.

ಸಂಡೂರುಕಲ್ಲು

ನಮ್ಮದು ಸಂಡೂರು. ದೋಣಿಮಲೈ ಕಡೆ ನಮ್ಮಲ್ಲೂ ಇದೇ ಕಥೆ: ಕಬ್ಬಿಣದ ಬೆಟ್ಟ, ಗಣಿಯ ಕಾಲೊನಿ, ಬೇಸಿಗೆಯ ಬೆಂಕಿ. ವ್ಯತ್ಯಾಸವೆಂದರೆ ನಮ್ಮದು ಎಲೆ ಉದುರುವ ಕಾಡು. ಫೆಬ್ರವರಿಗೆ ಮರವೆಲ್ಲ ಬೋಳು, ನೆಲದಲ್ಲಿ ಎಲೆಯ ಹಾಸಿಗೆ. ಒಂದು ಮಾತು ಅನುಭವದಿಂದ ಹೇಳುತ್ತೇನೆ: ಗಣಿಯ ಹಳೆಯ ದಾರಿಗಳನ್ನು ಕಡೆಗಣಿಸಬೇಡಿ. ಲಾರಿ ಓಡಾಡಿದ ಅಗಲದ ಮಣ್ಣುದಾರಿ ತಾನಾಗಿಯೇ ಬೆಂಕಿ ರೇಖೆ. ಎರಡು ಬದಿಯ ಹುಲ್ಲು ಸವರಿ, ನಡುವೆ ಬೆಳೆದ ಗಿಡ ಕಿತ್ತರೆ ಸಾಕು, ಹೊಸದಾಗಿ ಕಡಿಯುವ ಶ್ರಮ ಉಳಿಯುತ್ತದೆ.

ಕಪ್ಪುಮರಳು

ಇದು ನನಗೆ ಹೊಳೆದೇ ಇರಲಿಲ್ಲ. ಟೌನ್‌ಶಿಪ್ ಹಿಂದೆ ಕೊಳವೆ ಮಾರ್ಗ ನೋಡಿಕೊಳ್ಳಲು ಮಾಡಿದ್ದ ಒಂದು ದಾರಿ ಇದೆ, ಈಗ ಯುಪಟೋರಿಯಂ ಕಳೆ ಮುಚ್ಚಿದೆ. ಬೆಂಕಿ ಇಳಿದದ್ದು ಅದನ್ನು ದಾಟಿಯೇ.

ಮಲ್ಲೇಶ್ವರದಮಗಳು

ಕೊಳವೆ ಎಂದ ಕೂಡಲೇ ನಾನು ಬರೆಯದೆ ಇರಲಾರೆ, ವಿಷಯ ಸ್ವಲ್ಪ ಆಚೆ ಹೋದರೆ ಕ್ಷಮಿಸಿ. ನೀರಿನಲ್ಲಿ ಕಲಸಿದ ಅದಿರಿನ ಪುಡಿ 67 ಕಿಲೋಮೀಟರ್ ಕೊಳವೆಯಲ್ಲಿ ಘಟ್ಟ ಇಳಿದು ಮಂಗಳೂರಿಗೆ ಹೋಗುತ್ತದೆ ಎಂದು ಅಪ್ಪ ಹೇಳಿದಾಗ ನಾನು ಕೊಳವೆಗೆ ಕಿವಿ ಇಟ್ಟು ಕೂತಿದ್ದೆ. ಹಾಳಾದ ರೇಡಿಯೊದ ಸ್ಪೀಕರ್‌ನಿಂದ ತೆಗೆದ ಅಯಸ್ಕಾಂತಕ್ಕೆ ದಾರ ಕಟ್ಟಿ ಹೊಳೆಯ ಮರಳಿನಲ್ಲಿ ಎಳೆದರೆ ಕಪ್ಪು ಮೀಸೆ ಬೆಳೆಯುತ್ತಿತ್ತು. ಅದು ಮ್ಯಾಗ್ನೆಟೈಟ್ ಎಂದು ಗೊತ್ತಾದದ್ದು ಹೈಸ್ಕೂಲಿನಲ್ಲಿ. 1913ರಲ್ಲಿ ಸಂಪತ್ ಅಯ್ಯಂಗಾರ್ ಎಂಬ ಭೂವಿಜ್ಞಾನಿ ಇದೇ ಬೆಟ್ಟದಲ್ಲಿ ಕಬ್ಬಿಣ ಗುರುತಿಸಿದ್ದರಂತೆ, ಅಗೆಯಲು ಅರವತ್ತು ವರ್ಷ ಬೇಕಾಯಿತು. ಇರಾನ್ ದೇಶ ದುಡ್ಡು ಹಾಕಿ ಅದಿರು ಕೊಳ್ಳುತ್ತೇನೆಂದಿತು, 1979ರಲ್ಲಿ ಅಲ್ಲಿ ಕ್ರಾಂತಿಯಾಗಿ ಅದೂ ನಿಂತಿತು.

ಕಪ್ಪುಮರಳು, ನಿಮ್ಮ ಹೆಸರು ಅದರಿಂದಲೇ ಬಂದದ್ದಲ್ಲವೇ? ನೀವು ಯಾವ ಸಾಲಿನ ಮನೆಯವರು?

ಕಪ್ಪುಮರಳು

ಹೌದು ಅಕ್ಕ, ಅದೇ ಮರಳು. ಆಸ್ಪತ್ರೆಯ ಮೇಲಿನ ಎರಡನೇ ಸಾಲು. ಈಗ ಆ ಸಾಲಿನಲ್ಲಿ ಒಂದು ಮನೆಯಲ್ಲೂ ದೀಪವಿಲ್ಲ.

ಬೆಂಕಿಕಾವಲು

ನಾನು ಏಳು ಬೇಸಿಗೆ ಬೆಂಕಿ ಕಾವಲುಗಾರನಾಗಿ ದುಡಿದವನು, ದಿನಗೂಲಿಯಲ್ಲಿ. ಯಾವ ವಲಯ ಎಂದು ಬರೆಯುವುದಿಲ್ಲ. ಮೊದಲ ಒಂದು ಗಂಟೆ ಎಂದು ಕೇಳಿದ್ದೀರಿ, ಅದಕ್ಕೆ ಉತ್ತರ ಕೊಡುತ್ತೇನೆ.

ಬೆಂಕಿಯ ಮೇಲ್ಭಾಗದಲ್ಲಿ ನಿಲ್ಲಬೇಡಿ. ಬೇರೆಲ್ಲ ಮರೆತರೂ ಇದೊಂದು ನೆನಪಿರಲಿ. ಹಗಲಲ್ಲಿ ಗಾಳಿ ಕಣಿವೆಯಿಂದ ಮೇಲಕ್ಕೆ ಬೀಸುತ್ತದೆ, ಏರು ಕಡಿದಾದಷ್ಟೂ ಬೆಂಕಿಯ ಓಟ ಹೆಚ್ಚು. ಇಳಿಜಾರು ಹತ್ತು ಡಿಗ್ರಿ ಹೆಚ್ಚಾದರೆ ವೇಗ ಎರಡರಷ್ಟು ಎಂದು ನಮಗೆ ತರಬೇತಿಯಲ್ಲಿ ಹೇಳಿದ್ದರು, ಕಣ್ಣಾರೆ ನೋಡಿದ್ದೇನೆ. ಪಕ್ಕದಿಂದ ಹೋಗಿ, ಸುಟ್ಟ ಕರಿ ನೆಲದ ಮೇಲೆ ನಿಂತು ಕೆಲಸ ಮಾಡಿ. ಕರಿ ನೆಲ ನಿಮ್ಮ ಬೆನ್ನಿಗಿದ್ದರೆ ಓಡಲು ಜಾಗ ಇದೆ ಎಂದರ್ಥ.

ಸೊಪ್ಪನ್ನು ತಲೆಯ ಮೇಲಿಂದ ಬೀಸಿ ಹೊಡೆಯುವವರೇ ಹೆಚ್ಚು. ಹಾಗೆ ಹೊಡೆದರೆ ಕಿಡಿ ನಿಮ್ಮ ಹಿಂದಿನ ಹುಲ್ಲಿಗೆ ಹಾರುತ್ತದೆ. ಕೊಂಬೆಯನ್ನು ಉರಿಯ ಮೇಲೆ ಒತ್ತಿ, ಸುಟ್ಟ ಕಡೆಗೆ ಎಳೆಯಬೇಕು. ಮೂವರು ಸಾಲಾಗಿ: ಮೊದಲನೆಯವನು ಉರಿ ಬಡಿಯುತ್ತಾನೆ, ಎರಡನೆಯವನು ಉಳಿದದ್ದನ್ನು ಒರೆಸುತ್ತಾನೆ, ಮೂರನೆಯವನು ಹಿಂದೆ ಉಳಿದು ಕಾಯುತ್ತಾನೆ. ಕಾಫಿ ತೋಟದವರ ಬಳಿ ಎಲೆ ಊದುವ ಬ್ಲೋವರ್ ಇದ್ದರೆ ತನ್ನಿ, ಹತ್ತು ಜನರ ಕೆಲಸ ಮಾಡುತ್ತದೆ. ನೈಲಾನ್ ಬಟ್ಟೆ ಹಾಕಿಕೊಂಡು ಬರಬೇಡಿ, ಕಿಡಿ ತಾಗಿದರೆ ಕರಗಿ ಮೈಗೆ ಅಂಟುತ್ತದೆ.

ಬೆಂಕಿ ಆರಿತೆಂದು ಯಾರೂ ಮನೆಗೆ ಹೋಗಬೇಡಿ. ಕಾಟಿಯ (ಕಾಡುಕೋಣದ) ಒಣ ಸಗಣಿ ಮೂರು ದಿನ ಒಳಗೊಳಗೇ ಕೆಂಡವಾಗಿರುತ್ತದೆ. ಮೇಲೆ ಬೂದಿ, ತಣ್ಣಗಿರುವ ಹಾಗೆ ಕಾಣುತ್ತದೆ. ಗಾಳಿಗೋ ಪ್ರಾಣಿಯ ಕಾಲಿಗೋ ಉರುಳಿ ಕೆಳಗಿನ ಹಸಿರು ಕರಡಕ್ಕೆ ಬಿತ್ತೆಂದರೆ ಮೊದಲಿನಿಂದ ಶುರು. ನನ್ನ ಎರಡನೇ ವರ್ಷ ನಾವು ಇಡೀ ದಿನ ಬಡಿದು ಆರಿಸಿ ಇಳಿದ ಗುಡ್ಡ ಮರುದಿನ ಹನ್ನೊಂದು ಗಂಟೆಗೆ ಒಂದು ಸಗಣಿ ಉಂಡೆಯಿಂದ ಮತ್ತೆ ಹತ್ತಿತು. ಕೈಯ ಹಿಂಭಾಗ ಹತ್ತಿರ ಹಿಡಿದು ನೋಡಿ, ಬಿಸಿ ಇದ್ದರೆ ಒಡೆದು ಮಣ್ಣು ಹಾಕಿ.

ಹುಲ್ಲುಬೆಟ್ಟ

ನಾನು ಓದಿದ ಯಾವ ಪುಸ್ತಕದಲ್ಲೂ ಸಗಣಿಯ ವಿಷಯ ಇರಲಿಲ್ಲ. ನಮಸ್ಕಾರ ನಿಮಗೆ. ಒಂದೇ ತಿದ್ದುಪಡಿ, ಹಸಿರು ಕರಡ ಅಲ್ಲ, ಒಣ ಕರಡ ತಾನೇ?

ಬೆಂಕಿಕಾವಲು

ಹೌದಮ್ಮ, ಕೈತಪ್ಪು. ಸುಡದೆ ಉಳಿದ ಕರಡ ಎಂದು ಓದಿಕೊಳ್ಳಿ.

ಸಂಸೆತೋಟ

ನಾವು ಅಂದು ತಲೆಯ ಮೇಲಿಂದ ಬೀಸಿಯೇ ಹೊಡೆದೆವು. ಹಿಂದೆ ಮತ್ತೆ ಮತ್ತೆ ಹತ್ತುತ್ತಿದ್ದುದು ಯಾಕೆಂದು ಈಗ ತಿಳಿಯಿತು.

ಘಟ್ಟದಗಾಳಿ

ಕಾವಲುಗಾರರಿಗೆ ವಿಮೆ, ಬೂಟು ಇವೆಲ್ಲ ಕೊಡುತ್ತಾರೆಯೇ? 2023ರಲ್ಲಿ ಸಕಲೇಶಪುರದ ಕಾಡುಮನೆ ಕಡೆ ಬೆಂಕಿ ಆರಿಸಲು ಹೋದ ಅರಣ್ಯ ಸಿಬ್ಬಂದಿಯೊಬ್ಬರು ಸುಟ್ಟ ಗಾಯಗಳಿಂದ ತೀರಿಕೊಂಡದ್ದನ್ನು ಓದಿ ಬಹಳ ದಿನ ಸಂಕಟವಾಗಿತ್ತು.

ಬೆಂಕಿಕಾವಲು

ನಾನು ಇದ್ದ ಕಾಲದಲ್ಲಿ ಬೂಟು ಒಂದು ವರ್ಷ ಬಂತು, ಒಂದು ವರ್ಷ ಬರಲಿಲ್ಲ. ಈಗಿನದು ಈಗಿನವರು ಹೇಳಬೇಕು. ಕೂಲಿ ತಡವಾದರೂ ಕಾಡು ಕಾದೆವು. ಆದರೆ ರಬ್ಬರ್ ಚಪ್ಪಲಿಯಲ್ಲಿ ಬಿಸಿ ಬೂದಿ ತುಳಿಯುವವನಿಗೆ ಧೈರ್ಯ ಹೇಳುವ ಮಾತು ನನ್ನ ಬಳಿ ಇಲ್ಲ.

ನಕ್ಷೆಗಾರ

2019ರ ಫೆಬ್ರವರಿಯಲ್ಲಿ ಬಂಡೀಪುರ ಉರಿದಾಗ ವಾಯುಪಡೆಯ ಹೆಲಿಕಾಪ್ಟರ್ ತಂದು ನೀರು ಸುರಿದರು. ಅಷ್ಟರಲ್ಲಿ ಹತ್ತು ಸಾವಿರ ಎಕರೆಗೂ ಹೆಚ್ಚು ಹೋಗಿತ್ತು. ಅದರ ಒಂದು ದಿನದ ಖರ್ಚಿನಲ್ಲಿ ಎಷ್ಟು ಬೂಟು ಬರುತ್ತಿತ್ತೋ.

ಬಿಟ್ಟುಬಂದಊರು

ನಮ್ಮ ಕುಟುಂಬ ಪರಿಹಾರ ತೆಗೆದುಕೊಂಡು ಉದ್ಯಾನದೊಳಗಿನ ಮನೆ ಬಿಟ್ಟು ಬಂದಿತು. ಯಾರ ಬಲವಂತವೂ ಇರಲಿಲ್ಲ. ಮಕ್ಕಳ ಶಾಲೆ, ಆಸ್ಪತ್ರೆ ಎಂದು ನಾವೇ ತೀರ್ಮಾನಿಸಿದೆವು. ಕಳೆದ ವರ್ಷ ದೇವರಿಗೆ ಕೈಮುಗಿಯಲು ಹೋಗಿದ್ದೆ. ನಮ್ಮ ಗದ್ದೆಯಲ್ಲಿ ನನ್ನ ತಲೆ ಮುಳುಗುವಷ್ಟು ಹುಲ್ಲು. ಪ್ರಾಣಿಗಳಿಗೆ ಒಳ್ಳೆಯದೇ ಆಯಿತೆಂದುಕೊಂಡೆ, ಕಡವೆಯ ಹೆಜ್ಜೆ ಕಂಡು ಸಂತೋಷವೂ ಆಯಿತು. ಆದರೆ ಮೊದಲು ಆ ಗದ್ದೆ, ಅಂಗಳ, ದನ ನಡೆದ ದಾರಿ ಎಲ್ಲ ಬೆಂಕಿಗೆ ಅಡ್ಡ ನಿಲ್ಲುತ್ತಿದ್ದವು. ಜನರನ್ನು ಹೊರಗೆ ತಂದಮೇಲೆ ಅವರು ಮಾಡುತ್ತಿದ್ದ ಕೆಲಸವನ್ನು ಯಾರಿಗಾದರೂ ಒಪ್ಪಿಸಬೇಕಲ್ಲವೇ? ಮುಳ್ಳೋಡಿಯ ಅಣ್ಣ ಹೇಳಿದ್ದು ನನಗೆ ಅರ್ಥವಾಗುತ್ತದೆ.

ಭದ್ರಾತೀರ

ಈ ಮಾತು ನನ್ನನ್ನು ಯೋಚಿಸುವಂತೆ ಮಾಡಿತು. ನಾವು ಕೆಳಗಿನವರು ಗಣಿ ಮುಚ್ಚಿದ ಮೇಲೆ ನಮ್ಮ ಕೆಲಸ ಮುಗಿಯಿತೆಂದು ಸುಮ್ಮನಾದೆವು. ಹುಲ್ಲು ಸುಟ್ಟ ಗುಡ್ಡದ ಮೇಲೆ ಜೂನ್‌ನ ಮೊದಲ ಮಳೆ ಬಿದ್ದರೆ ಬೂದಿಯೂ ಮಣ್ಣೂ ಇಳಿಯುವುದು ಇದೇ ಹೊಳೆಗೆ. ನೂರು ಮೀಟರ್ ಎತ್ತರದ ಲಖ್ಯಾ ಅಣೆಕಟ್ಟಿನ ಹಿಂದೆ ತುಂಬಿರುವ ಗಣಿಯ ಹೂಳಿನ ಬಗ್ಗೆ ಹೆದರುವ ನಾವು ಬೋಳಾಗುವ ಗುಡ್ಡದ ಬಗ್ಗೆ ಹೆದರಲಿಲ್ಲ. ಕೆಲಸಕ್ಕೆ ದಿನ ಹೇಳಿ, ಬರುತ್ತೇನೆ.

ಕಾಯಿದೆಪುಟ

ಉತ್ಸಾಹದಲ್ಲಿ ಯಾರೂ ಕೇಸು ಹಾಕಿಸಿಕೊಳ್ಳಬೇಡಿ. ವನ್ಯಜೀವಿ ಸಂರಕ್ಷಣಾ ಕಾಯಿದೆ, 1972ರ 30ನೇ ಪ್ರಕರಣದ ಪ್ರಕಾರ ಅಭಯಾರಣ್ಯದಲ್ಲಿ ಬೆಂಕಿ ಹಚ್ಚುವುದು ಅಪರಾಧ, ರಾಷ್ಟ್ರೀಯ ಉದ್ಯಾನಕ್ಕೂ ಅದು ಅನ್ವಯಿಸುತ್ತದೆ. ಆದ್ದರಿಂದ ನೀವಾಗಿಯೇ ಸುಟ್ಟು ರೇಖೆ ಮಾಡುವ ಯೋಚನೆ ಬೇಡವೇ ಬೇಡ, ಉರಿಯುವಾಗ ಅದನ್ನು ತಡೆಯಲು ಎದುರು ಬೆಂಕಿ ಕೊಡುವುದನ್ನೂ ಇಲಾಖೆಯವರಿಗೇ ಬಿಡಿ. ಉದ್ಯಾನದ ಗಡಿಯೊಳಗೆ ಗಿಡ ಕಡಿಯುವುದೂ ಬೇಡ. ಕ್ವಾರ್ಟರ್ಸ್ ಅಂಗಳ ಸವರಲು ಆ ಜಾಗ ಯಾರ ಸುಪರ್ದಿಯಲ್ಲಿದೆಯೋ ಅವರಿಗೆ ಒಂದು ಪತ್ರ, ಅದರ ಪ್ರತಿ ವಲಯ ಅರಣ್ಯಾಧಿಕಾರಿಗೆ, ಇನ್ನೊಂದು ಗ್ರಾಮ ಪಂಚಾಯಿತಿಗೆ. ಸ್ವೀಕೃತಿ ಮೊಹರು ಹಾಕಿಸಿಕೊಳ್ಳಿ. ಬೆಂಕಿ ಕಂಡರೆ 112ಕ್ಕೆ ಕರೆ ಮಾಡಿದ ಸಮಯ ಬರೆದಿಡಿ. ಆಗ ಯಾರೂ ನಮ್ಮ ಜಾಗವಲ್ಲ ಎಂದು ಫೋನ್ ಇಡಲಾಗುವುದಿಲ್ಲ.

ಕಪ್ಪುಮರಳು

ಪತ್ರ ನಿನ್ನೆ ಮೂರೂ ಕಡೆ ಕೊಟ್ಟೆವು, ಮೊಹರು ಬಿತ್ತು. ಅಂಗಳ ಸವರಲು ಅಡ್ಡಿಯಿಲ್ಲ ಎಂದು ಲಿಖಿತ ಉತ್ತರ ಬಂದ ಮೇಲೆಯೇ ಕತ್ತಿ ಎತ್ತುತ್ತೇವೆ. ಬರುವವರ ಪಟ್ಟಿ ಈಗ ಇಪ್ಪತ್ತೆರಡು. ಉಳಿದಿರುವುದು ನೀರು. ಹೊಳೆಯಿಂದ ಮೇಲಿನ ಸಾಲಿಗೆ ಕ್ಯಾನಿನಲ್ಲಿ ಹೊತ್ತು ತರುವುದು ಆಗದ ಮಾತು.

ಹಳೆಪಂಪು

ನಾನು ಇಪ್ಪತ್ತಮೂರು ವರ್ಷ ಟೌನ್‌ಶಿಪ್‌ನ ನೀರು ಸರಬರಾಜಿನಲ್ಲಿದ್ದೆ. ಈಗ ಹಾಸನದಲ್ಲಿ ಮಗನ ಮನೆಯಲ್ಲಿದ್ದೇನೆ. ಮೊಮ್ಮಗಳು ಇದನ್ನೆಲ್ಲ ಓದಿ ಹೇಳಿದಳು, ಅವಳ ಕೈಯಿಂದಲೇ ಬರೆಸುತ್ತಿದ್ದೇನೆ.

ಮಗೂ, ಎರಡನೇ ಸಾಲಿನ ಕೊನೆಯ ಮನೆಯ ಹಿಂದೆ ಒಂದು ನೇರಳೆ ಮರ ಇತ್ತು. ಇದ್ದರೆ ಅದರಿಂದ ಗುಡ್ಡದ ಕಡೆಗೆ ಹದಿನೈದು ಹೆಜ್ಜೆ ಇಡು. ಚಪ್ಪಡಿ ಕಲ್ಲು ಮುಚ್ಚಿದ ಒಂದು ಗುಂಡಿ ಸಿಗಬೇಕು, ಮಣ್ಣು ಬಿದ್ದು ಕಾಣದೆ ಇರಬಹುದು, ಹಾರೆಯಿಂದ ಕುಟ್ಟುತ್ತಾ ಹೋದರೆ ಟೊಳ್ಳು ಸದ್ದು ಬರುತ್ತದೆ. ಅದರೊಳಗೆ ಮೇಲಿನ ತೊಟ್ಟಿಯಿಂದ ಬರುವ ಕೊಳವೆಯ ವಾಲ್ವ್ ಇದೆ. ತೊಟ್ಟಿಗೆ ನೀರು ಝರಿಯಿಂದ ತಾನಾಗಿಯೇ ಇಳಿಯುತ್ತಿತ್ತು, ಪಂಪು ಬೇಕಿರಲಿಲ್ಲ. ಝರಿ ಮಾರ್ಚ್‌ನಲ್ಲಿ ತೆಳುವಾಗುತ್ತದೆ, ಬತ್ತಿದ್ದನ್ನು ನಾನು ನೋಡಿಲ್ಲ. ತೊಟ್ಟಿ ಒಡೆದಿದೆಯೋ ಏನೋ, ಅದನ್ನು ಮೊದಲು ಹತ್ತಿ ನೋಡಿ. ಗುಂಡಿಗೆ ಕೈ ಹಾಕುವ ಮೊದಲು ಕೋಲಿನಿಂದ ಕೆದಕಿ, ಹಾವು ಇರುತ್ತದೆ. ವಾಲ್ವ್ ತುಕ್ಕು ಹಿಡಿದಿರುತ್ತದೆ, ಬಲ ಹಾಕಿದರೆ ಕಡ್ಡಿ ಮುರಿಯುತ್ತದೆ. ಹಿಂದಿನ ದಿನವೇ ಸೀಮೆಎಣ್ಣೆ ಬಿಟ್ಟು ನೆನೆಯಲು ಬಿಡಿ.

ಕಪ್ಪುಮರಳು

ನೇರಳೆ ಮರ ಇದೆ ತಾತ. ಮಾರ್ಚ್‌ನ ಬೆಂಕಿಯಲ್ಲಿ ಒಂದು ಬದಿ ಸುಟ್ಟಿತ್ತು, ಮಳೆಗೆ ಚಿಗುರಿದೆ. ಇವತ್ತು ಸಂಜೆ ಹೋಗಿ ಹಾರೆ ಕುಟ್ಟಿ ನೋಡಿದೆ. ಹದಿನೈದು ಹೆಜ್ಜೆಗೆ ಸಿಗಲಿಲ್ಲ, ಹತ್ತೊಂಬತ್ತಕ್ಕೆ ಟೊಳ್ಳು ಸದ್ದು ಬಂತು. ಕತ್ತಲಾಗಿದ್ದರಿಂದ ಚಪ್ಪಡಿ ಎತ್ತಲಿಲ್ಲ.

ಹಳೆಪಂಪು

ಆಗ ನನ್ನ ಹೆಜ್ಜೆ ಉದ್ದ ಇತ್ತು. ಚಪ್ಪಡಿ ನೀವೇ ಎತ್ತಬೇಡಿ, ಗುಂಡಿಯ ಒಳಗೆ ಕೊಳವೆ ಎರಡು ಇವೆ, ಬಲಗಡೆಯದನ್ನು ತಿರುಗಿಸಬಾರದು. ಶನಿವಾರ ಬೆಳಗಿನ ಬಸ್ಸಿಗೆ ಮೊಮ್ಮಗಳೊಂದಿಗೆ ಹೊರಡುತ್ತೇನೆ. ಕಳಸದಿಂದ ಯಾರಾದರೂ ಕರೆದುಕೊಂಡು ಬನ್ನಿ.

ಸಂಸೆತೋಟ

ನನ್ನ ಜೀಪು ಬಸ್ ನಿಲ್ದಾಣದಲ್ಲಿ ಇರುತ್ತದೆ, ಯಜಮಾನರೇ. ಬರುವಾಗ ಸೀಮೆಎಣ್ಣೆಯನ್ನೂ ಹಾಕಿಕೊಂಡು ಬರುತ್ತೇನೆ.